ಲೈಲಾಕಿನ ಕುಲಗೋತ್ರ

ಇಂಗ್ಲಿಷ್ ಕಾವ್ಯವನ್ನು ಓದಿ ಬೆಳೆದ ನಮ್ಮವರಿಗೆ ಹೆಸರಿನಿಂದ ಮಾತ್ರ ಪರಿಚಯವಿದ್ದು ಕಣ್ಣಿಗೆ ಪರಿಚಯವಿಲ್ಲದ ಹೂಗಳು ಕೆಲವುಂಟು. ಡ್ಯಾಫೊಡಿಲ್, ಪ್ರಿಮ್‌ರೋಸ್, ಲೈಲಾಕ್ ಇವೆಲ್ಲ ಆ ಪಂಗಡಕ್ಕೆ ಸೇರಿದವು. ೧೮೬೫ರ ಏಪ್ರಿಲಿನಲ್ಲಿ ಅಬ್ರಹಾಂ ಲಿಂಕನ್ ಗುಂಡೇಟಿಗೆ ಬಲಿಯಾದಾಗ ವಾಲ್ಟ್ ವಿಟ್ಮನ್ ಬರೆದ ಶೋಕಗೀತೆಯಲ್ಲಿ ಅಂಗಳದ ಲೈಲಾಕ್ ಬರುತ್ತದೆ. ನಮ್ಮ ನವ್ಯರು ತಲೆಗೆ ಹಚ್ಚಿಕೊಂಡ ಎಲಿಯಟ್‌ನ ೧೯೨೨ರ ದೀರ್ಘಕಾವ್ಯದ ಬಾಗಿಲಲ್ಲಿಯೇ ಮತ್ತೆ ಅದೇ ಹೂ. ಪಠ್ಯಪುಸ್ತಕದ ಟಿಪ್ಪಣಿಕಾರರು ಇದಕ್ಕೆ ‘ಒಂದು ಬಗೆಯ ಹೂಗಿಡ’ ಎಂದು ಅರ್ಥ ಬರೆದು ಕೈತೊಳೆದುಕೊಳ್ಳುತ್ತಾರೆ. ಎಲ್ಲ ಹೂಗಿಡಗಳೂ ಒಂದು ಬಗೆಯ ಹೂಗಿಡಗಳೇ ಆದುದರಿಂದ ಈ ಅರ್ಥವನ್ನು ತಪ್ಪೆಂದು ಹೇಳಲು ಬರುವುದಿಲ್ಲ.

ನಾನು ವೃತ್ತಿಯಿಂದ ಸಸ್ಯಶಾಸ್ತ್ರಜ್ಞನಲ್ಲ. ಗಿಡಗಳ ಹೆಸರುಗಳ ಬೆನ್ನುಹತ್ತುವ ಚಪಲ ಮಾತ್ರ ನನ್ನದು. ಹಾಗೆ ಬೆನ್ನುಹತ್ತಿದಾಗ ಲೈಲಾಕ್ ಎಂಬ ಪರದೇಶಿ ಶಬ್ದ ನನ್ನನ್ನು ತಂದು ನಿಲ್ಲಿಸಿದ್ದು ನಮ್ಮ ಮನೆಯ ಬಾಗಿಲಲ್ಲೇ. ಇಂಗ್ಲಿಷಿಗೆ ಈ ಮಾತು ಫ್ರೆಂಚಿನಿಂದ ಬಂತು; ಫ್ರೆಂಚಿಗೆ ಸ್ಪ್ಯಾನಿಷಿನಿಂದ, ಸ್ಪ್ಯಾನಿಷಿಗೆ ಅರಬ್ಬಿಯಿಂದ, ಅರಬ್ಬಿಗೆ ಪಾರಸಿಯಿಂದ. ಪಾರಸಿಯಲ್ಲಿ ಅದರ ರೂಪ ‘ಲೀಲಕ್’; ಅದಕ್ಕೂ ಹಿಂದಿನದು ‘ನೀಲಕ್’, ಎಂದರೆ ನೀಲಿಯ ಛಾಯೆಯುಳ್ಳದ್ದು. ಅದರ ಮೂಲವಾದ ‘ನೀಲ್’ ಎಂಬುದು ಸಂಸ್ಕೃತದ ನಮ್ಮ ‘ನೀಲ’ವೇ. ನಕಾರ ಲಕಾರವಾದುದರಲ್ಲಿ ಸೋಜಿಗವೇನೂ ಇಲ್ಲ. ಮೈಸೂರಿನವರ ನಿಂಬೆ ಧಾರವಾಡದವರ ಬಾಯಲ್ಲಿ ಲಿಂಬೆಯಾಗಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂತೂ ಬಟ್ಟೆಗೆ ಹಾಕುವ ನೀಲಿಗೂ ವಿಟ್ಮನ್ನನ ಅಂಗಳದ ಹೂವಿಗೂ ಹೆಸರಿನ ಸಂಬಂಧವುಂಟು.

ಹೆಸರಿನ ನಂಟು ಹೀಗಾದರೆ ರಕ್ತದ ನಂಟು ಇನ್ನೂ ಹತ್ತಿರದ್ದು. ಶಾಸ್ತ್ರಜ್ಞರು ಲೈಲಾಕನ್ನು ಆಲಿವ್ ಮರದ ಕುಟುಂಬದಲ್ಲಿಟ್ಟಿದ್ದಾರೆ. ನಮ್ಮ ಮಲ್ಲಿಗೆ, ಜಾಜಿ, ಪಾರಿಜಾತಗಳೂ ಅದೇ ಮನೆಯ ಮಕ್ಕಳು. ಹೂವನ್ನು ಬಿಡಿಸಿ ಒಳಗೆ ನೋಡಿದರೆ ಎಲ್ಲದರಲ್ಲಿಯೂ ಎರಡೇ ಕೇಸರ. ಅದು ಈ ವಂಶದ ಗುರುತು. ಲೈಲಾಕ್ ಹತ್ತು ಹದಿನೈದು ಅಡಿ ಎತ್ತರ ಬೆಳೆಯುವ, ಬುಡದಿಂದಲೇ ಹಲವು ಕಾಂಡಗಳಾಗಿ ಒಡೆಯುವ ಪೊದೆ. ಎಲೆ ಹೆಚ್ಚುಕಡಿಮೆ ವೀಳ್ಯದೆಲೆಯ ಆಕಾರ. ಬೇರೆ ಮರಗಳು ಇನ್ನೂ ಪೂರ್ತಿ ತಳಿರಿಡುವ ಮೊದಲೇ ಕೊಂಬೆಗಳ ತುದಿಯಲ್ಲಿ ಕೋಡಿನ ಆಕಾರದ ಗೊಂಚಲುಗಳು ಮೂಡುತ್ತವೆ. ಒಂದೊಂದು ಗೊಂಚಲಿನಲ್ಲಿಯೂ ನಾಲ್ಕೆಸಳಿನ ಪುಟ್ಟ ಪುಟ್ಟ ಹೂಗಳು ಕಿಕ್ಕಿರಿದಿರುತ್ತವೆ. ಬಣ್ಣ ಸಾಮಾನ್ಯವಾಗಿ ತಿಳಿನೇರಳೆ. ಎರಡು ವಾರ ಇದ್ದು ಹೋಗುತ್ತದೆ. ವರ್ಷದ ಉಳಿದ ಐವತ್ತು ವಾರ ಅದು ಹಸುರಾದ, ಇಲ್ಲವೆ ಬೋಳಾದ, ಯಾರೂ ತಿರುಗಿ ನೋಡದ ಪೊದೆ.

ಇಂಗ್ಲಿಷರಿಗೆ ಈ ಹೂವಿನ ಮೇಲೆ ಎಷ್ಟು ಮೋಹವೆಂದರೆ ಹೋದ ಕಡೆಯಲ್ಲೆಲ್ಲ ಅದನ್ನೇ ಹುಡುಕಿದರು. ನಮ್ಮ ಹುಚ್ಚುಬೇವಿನ ನೇರಳೆ ಹೂಗೊಂಚಲನ್ನು ಕಂಡು ಅದಕ್ಕೆ ‘ಪರ್ಷಿಯದ ಲೈಲಾಕ್’ ಎಂದರು. ಕೊನೆಗೆ ಯುಗಾದಿಯ ಬೇವನ್ನೂ ಬಿಡದೆ ‘ಇಂಡಿಯದ ಲೈಲಾಕ್’ ಎಂದು ಕರೆದರು. ಬೇವಿಗೂ ಲೈಲಾಕಿಗೂ ಯಾವ ಸಂಬಂಧವೂ ಇಲ್ಲ. ನಿಜವಾಗಿ ಒಡಹುಟ್ಟಿದ್ದ ಮಲ್ಲಿಗೆಯನ್ನು ಮಾತ್ರ ಯಾರೂ ಲೈಲಾಕ್ ಎನ್ನಲಿಲ್ಲ! ಹಿಮಾಲಯದ ಪಶ್ಚಿಮ ಭಾಗದಲ್ಲಿ, ಎಂಟು ಹತ್ತು ಸಾವಿರ ಅಡಿ ಎತ್ತರದಲ್ಲಿ, ಲೈಲಾಕಿನ ಸ್ವಂತ ಕುಲದ್ದೇ ಆದ ಒಂದು ಕಾಡುಗಿಡ ತಾನಾಗಿ ಬೆಳೆಯುತ್ತದೆ. ಆದರೆ ತೋಟದ ಲೈಲಾಕಿನ ಕೀರ್ತಿ ಅದಕ್ಕೆ ಬರಲಿಲ್ಲ.

ಯುರೋಪಿನ ತೋಟಕ್ಕೆ ಲೈಲಾಕನ್ನು ತಂದವನು ಒಬ್ಬ ರಾಯಭಾರಿ. ಒಗೀರ್ ಗಿಸ್ಲೇನ್ ದ ಬುಸ್ಬೆಕ್ ಎಂಬುವನು ಹ್ಯಾಪ್ಸ್‌ಬರ್ಗ್ ದೊರೆ ಫರ್ಡಿನೆಂಡನ ಪರವಾಗಿ ೧೫೫೪ರಿಂದ ೧೫೬೨ರವರೆಗೆ ಕಾನ್‌ಸ್ಟಾಂಟಿನೋಪಲಿನಲ್ಲಿ ಸುಲ್ತಾನ್ ಸುಲೇಮಾನನ ಆಸ್ಥಾನದಲ್ಲಿದ್ದ. ತುರ್ಕರ ದಂಡು ಎಂದು ವಿಯೆನ್ನಾದ ಮೇಲೆ ಬಿದ್ದೀತೋ ಎಂಬ ಭಯದ ಕಾಲ ಅದು. ಸಂಧಿ ಮಾಡಿಸುವುದು ಅವನ ಕೆಲಸ. ಮಾತುಕತೆ ವರ್ಷಗಟ್ಟಲೆ ಎಳೆಯಿತು. ಕೆಲಕಾಲ ಅವನನ್ನು ಬಹುಮಟ್ಟಿಗೆ ಸೆರೆಯಾಳಿನಂತೆ ಮನೆಯೊಳಗೇ ಇಟ್ಟಿದ್ದರು. ಬಿಡುವಿನಲ್ಲಿ ಅವನು ಹಳೆಯ ಹಸ್ತಪ್ರತಿ, ನಾಣ್ಯ, ಶಾಸನ, ಗಿಡಗೆಡ್ಡೆಗಳನ್ನು ಕೂಡಿಹಾಕಿದ. ಅಂಕಾರಾದಲ್ಲಿ ರೋಮ್ ಚಕ್ರವರ್ತಿ ಅಗಸ್ಟಸನ ಶಾಸನವನ್ನು ವಿದ್ವಾಂಸರ ಗಮನಕ್ಕೆ ತಂದವನೂ ಇವನೇ. ೧೫೬೨ರಲ್ಲಿ ಸಂಧಿಯಾಗಿ ವಿಯೆನ್ನಾಕ್ಕೆ ಮರಳುವಾಗ ಅವನ ಸಾಮಾನಿನ ಜೊತೆ ಲೈಲಾಕ್ ಬಂತು. ಆ ಸಂಧಿಯ ಷರತ್ತುಗಳು ಇಂದು ಚರಿತ್ರೆಯ ವಿದ್ಯಾರ್ಥಿಗಳಿಗೂ ನೆನಪಿರಲಾರವು.

ತುರ್ಕರು ಈ ಹೂವಿನ ಗೊಂಚಲನ್ನು ನರಿಯ ಬಾಲಕ್ಕೆ ಹೋಲಿಸುತ್ತಿದ್ದರೆಂದು ಬುಸ್ಬೆಕ್ಕನಿಗಿಂತ ಸ್ವಲ್ಪ ಮೊದಲು ಅಲ್ಲಿ ಸುತ್ತಾಡಿದ ಫ್ರೆಂಚ್ ಪಂಡಿತ ಪಿಯೆರ್ ಬೆಲೋನ್ ಬರೆದಿಟ್ಟಿದ್ದಾನೆ. ೧೫೬೫ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿ ತನ್ನ ಗ್ರಂಥದಲ್ಲಿ ಇದರ ಚಿತ್ರವನ್ನು ಅಚ್ಚುಮಾಡಿಸಿ ‘ಲಿಲಾಕ್’ ಎಂಬ ಹೆಸರನ್ನು ಬಳಕೆಗೆ ತಂದ. ಶಾಸ್ತ್ರೀಯ ನಾಮ ಮಾತ್ರ ಬೇರೆ: ‘ಸಿರಿಂಗ’. ಗ್ರೀಕರಲ್ಲಿ ಸಿರಿಂಕ್ಸ್ ಎಂದರೆ ಕೊಳಲು, ಕೊಳವೆ. ಲೈಲಾಕಿನ ಎಳೆಯ ಕೊಂಬೆಯ ತಿರುಳನ್ನು ನೂಕಿ ತೆಗೆದರೆ ಒಳ್ಳೆಯ ಕೊಳವೆಯಾಗುತ್ತದೆ. ಹುಕ್ಕಾಕ್ಕೂ ಆದೀತು, ಪೀಪಿಗೂ ಆದೀತು. ೧೫೯೭ರಲ್ಲಿ ಮೂಲಿಕೆಗಳ ದೊಡ್ಡ ಗ್ರಂಥ ಬರೆದ ಇಂಗ್ಲೆಂಡಿನ ಜಾನ್ ಜೆರಾರ್ಡ್ ಅದನ್ನು ‘ನೀಲಿ ಕೊಳವೆಮರ’ ಎಂದೇ ಕರೆದು ತನ್ನ ತೋಟದಲ್ಲಿ ಬೇಕಾದಷ್ಟಿದೆಯೆಂದು ಹೇಳಿಕೊಂಡಿದ್ದಾನೆ. ಡಾಕ್ಟರರು ನಮ್ಮ ತೋಳಿಗೆ ಚುಚ್ಚುವ ಸಿರಿಂಜೂ ಇದೇ ಧಾತುವಿನಿಂದ ಹುಟ್ಟಿದ್ದು. ಎಂಟನೆಯ ಹೆನ್ರಿ ಕಟ್ಟಿಸಿದ ನಾನ್‌ಸಚ್ ಅರಮನೆಯ ಆಸ್ತಿಯನ್ನು ೧೬೫೦ರಲ್ಲಿ ಪಾರ್ಲಿಮೆಂಟಿನವರು ಪಟ್ಟಿಮಾಡಿದಾಗ ಅದರಲ್ಲಿ ಆರು ಲೈಲಾಕ್ ಮರಗಳೂ ಸೇರಿದುವು. ಹಣ್ಣು ಬಿಡುವುದಿಲ್ಲ, ಹೂ ಮಾತ್ರ ಬಲು ಹಿತವಾದದ್ದು ಎಂಬುದು ಆ ಗುಮಾಸ್ತರ ಷರಾ. ರಾಜನ ತಲೆ ತೆಗೆಸಿ ಎರಡು ವರ್ಷ ಕೂಡ ಆಗಿರಲಿಲ್ಲ. ಆಸ್ತಿಯ ಲೆಕ್ಕ ಬರೆಯುವವನಿಗೂ ಹೂವಿನ ಬಗ್ಗೆ ಒಂದು ಮಾತು ಬರೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇನ್ನು ಈ ಗಿಡದ ತವರು ಯಾವುದು? ಕಾನ್‌ಸ್ಟಾಂಟಿನೋಪಲಿನಿಂದ ಬಂದದ್ದು, ಹೆಸರು ಪಾರಸಿ. ಆದುದರಿಂದ ಪರ್ಷಿಯದಿಂದಲೋ ಇನ್ನೂ ಆಚೆಯಿಂದಲೋ ಬಂದಿರಬೇಕೆಂದು ಯುರೋಪಿನ ಪಂಡಿತರು ಇನ್ನೂರೈವತ್ತು ವರ್ಷ ನಂಬಿದ್ದರು. ೧೭೫೩ರಲ್ಲಿ ಅದಕ್ಕೆ ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದ ಲಿನೇಯಸನ ಕಾಲದಲ್ಲಿಯೂ ಅದೇ ನಂಬಿಕೆ. ೧೮೨೮ರಲ್ಲಿ ಆಂಟನ್ ರೋಖೆಲ್ ಎಂಬ ಸಸ್ಯಶಾಸ್ತ್ರಜ್ಞ ಡ್ಯಾನ್ಯೂಬ್ ನದಿ ಬೆಟ್ಟಗಳನ್ನು ಸೀಳಿಕೊಂಡು ಹೋಗುವ ಬನಾತ್ ಪ್ರಾಂತದ ಬಂಡೆಗಳ ನಡುವೆ ಇದು ಕಾಡುಗಿಡವಾಗಿ ಬೆಳೆಯುತ್ತಿರುವುದನ್ನು ಪ್ರಕಟಿಸಿದ. ಬಾಲ್ಕನ್ ಬೆಟ್ಟಗಳಲ್ಲಿ ಬೇರೆ ಕಡೆಯೂ ಸಿಕ್ಕಿತು. ವಿಯೆನ್ನಾ ಇರುವುದೂ ಡ್ಯಾನ್ಯೂಬಿನ ದಡದಲ್ಲೇ. ಬುಸ್ಬೆಕ್ ಯಾವ ಹೂವನ್ನು ಸುಲ್ತಾನನ ರಾಜಧಾನಿಯಿಂದ ಅಪರೂಪದ ವಸ್ತುವೆಂದು ಹೊತ್ತು ತಂದನೋ ಅದು ಅವನ ಊರ ಹೊಳೆಯ ಕೆಳದಂಡೆಯಲ್ಲಿ ಯಾರೂ ಕೇಳದೆ ಅರಳುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ನಮ್ಮ ಗಾದೆ ಆ ದೇಶಕ್ಕೂ ಸಲ್ಲುತ್ತದೆ. ತೋಟಗಾರರ ಮನೆಯ ಹೂವಾಗಿ ಅದನ್ನು ಮೊದಲು ಬೆಳೆಸಿದ ಕೀರ್ತಿ ತುರ್ಕರಿಗೇ ಸೇರಬೇಕು. ಸೆರ್ಬಿಯದವರು ಮಾತ್ರ ಇದನ್ನು ತಮ್ಮದೆಂದೇ ಎಣಿಸುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಪರದೇಶದಿಂದ ಬರಲಿದ್ದ ರಾಣಿ ಹೆಲೆನಳಿಗೆ ಬೇಸರವಾಗದಿರಲೆಂದು ದೊರೆ ಊರೋಷ್ ಇಬಾರ್ ನದಿಯ ಕಣಿವೆಯ ಉದ್ದಕ್ಕೂ ಲೈಲಾಕ್ ನೆಡಿಸಿದನೆಂಬ ಐತಿಹ್ಯ ಅಲ್ಲಿದೆ. ಐತಿಹ್ಯ ಐತಿಹ್ಯವೇ, ಆದರೂ ಆ ಕಣಿವೆಗೆ ಲೈಲಾಕಿನ ಕಣಿವೆ ಎಂಬ ಹೆಸರು ಇಂದಿಗೂ ಉಳಿದಿದೆ.

ಹುಟ್ಟಿದ ನೆಲವನ್ನು ನೋಡಿದರೆ ಗಿಡದ ಸ್ವಭಾವ ತಿಳಿಯುತ್ತದೆ. ಸುಣ್ಣಕಲ್ಲಿನ ಇಳಿಜಾರು, ನೀರು ನಿಲ್ಲದ ಮಣ್ಣು, ಧಾರಾಳವಾದ ಬಿಸಿಲು, ಹಿಮ ಬೀಳುವ ಚಳಿಗಾಲ. ತೋಟದಲ್ಲಿಯೂ ಅದಕ್ಕೆ ಬೇಕಾದ್ದು ಇಷ್ಟೇ. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ ಬಂದು ಹೂ ಕಡಮೆಯಾಗುತ್ತದೆ. ಮಳೆ ತೇವ ಹೆಚ್ಚಿದ ಬೇಸಗೆಯಲ್ಲಿ ಎಲೆಯ ಮೇಲೆ ಬೂದಿರೋಗ ಬರುತ್ತದೆ. ನೋಡಲು ಅಸಹ್ಯ, ಗಿಡಕ್ಕೆ ದೊಡ್ಡ ಅಪಾಯವಿಲ್ಲ. ಮುಖ್ಯವಾದ ಗುಟ್ಟು ಮೊಗ್ಗಿನದು. ಮುಂದಿನ ವಸಂತದಲ್ಲಿ ಅರಳಬೇಕಾದ ಹೂವಿನ ಮೊಗ್ಗನ್ನು ಲೈಲಾಕ್ ಈ ವರ್ಷದ ಬೇಸಗೆಯಲ್ಲಿಯೇ ಕಟ್ಟಿ, ಮುಚ್ಚಿ, ನಿದ್ದೆಗೆ ಇಳಿಯುತ್ತದೆ. ಆದ್ದರಿಂದ ಸವರುವ ಕೆಲಸವೆಲ್ಲ ಹೂ ಬಾಡಿದ ಕೂಡಲೇ ಮುಗಿಯಬೇಕು. ಚಳಿಗಾಲದಲ್ಲಿ ಕತ್ತರಿ ಹಿಡಿದು ಹೊರಟ ಶ್ರದ್ಧಾಳು ಮಾಲಿ ಮುಂದಿನ ವರ್ಷದ ಹೂವನ್ನೆಲ್ಲ ಕತ್ತರಿಸಿ ಹಾಕುತ್ತಾನೆ. ಇನ್ನು ಆ ನಿದ್ದೆ ತಿಳಿಯಬೇಕಾದರೆ ವಾರಗಟ್ಟಲೆ ಕೊರೆಯುವ ಚಳಿ ತಗುಲಬೇಕು. ಚಳಿ ಸಾಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದೇ ಇಲ್ಲ. ಬೆಂಗಳೂರಿನವರು ತಿಳಿನೇರಳೆಗಾಗಿ ಜಕರಂಡ ಮರದ ಕೆಳಗೆ ನಿಂತು ತೃಪ್ತಿಪಡಬೇಕಾಗಿರುವುದು ಇದೇ ಕಾರಣಕ್ಕೆ.

ಗಿಡವನ್ನು ಹೆಚ್ಚಿಸುವ ಬಗೆಯಲ್ಲಿಯೇ ಅದರ ಚರಿತ್ರೆ ಅಡಗಿದೆ ಎಂದು ನನ್ನ ಭಾವನೆ. ಬೀಜದಿಂದ ಬೆಳೆಸಬಹುದು, ಬೀಜಕ್ಕೂ ಮೊದಲು ಚಳಿ ತಗುಲಿಸಬೇಕು, ಹೂ ಕಾಣಲು ಐದಾರು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು, ಕಾಯಬೇಕು. ಅಷ್ಟು ಕಾದ ಮೇಲೂ ಮಗು ತಾಯಿಯಂತಿರುತ್ತದೆಂಬ ಭರವಸೆಯಿಲ್ಲ. ಎಳೆಯ ಕಡ್ಡಿ ನೆಟ್ಟರೆ ಬೇರು ಬರುವುದು ಹೂಬಿಡುವ ಹೊತ್ತಿನ ಕೆಲವೇ ವಾರಗಳಲ್ಲಿ. ದಿನ ತಪ್ಪಿದರೆ ಕಡ್ಡಿ ಕಡ್ಡಿಯಾಗಿಯೇ ಉಳಿಯುತ್ತದೆ. ನರ್ಸರಿಯವರು ಅವಸರಕ್ಕಾಗಿ ಪ್ರಿವೆಟ್ ಎಂಬ ಬೇಲಿಗಿಡದ ಬೇರಿನ ಮೇಲೆ ಕಸಿ ಕಟ್ಟುತ್ತಿದ್ದರು. ಹೀಗೆ ಕಸಿಮಾಡಿದ ಗಿಡವನ್ನು ಆಳವಾಗಿ ನೆಟ್ಟು ಲೈಲಾಕೇ ಸ್ವಂತ ಬೇರು ಬಿಡುವಂತೆ ಮಾಡದಿದ್ದರೆ, ಕೆಲವು ವರ್ಷಗಳಲ್ಲಿ ಮೇಲಿನ ಗಿಡ ಸೊರಗಿ ಕೆಳಗಿನ ಪ್ರಿವೆಟ್ಟು ಚಿಗುರಿ, ಕಾಸು ಕೊಟ್ಟವನು ಬೇಲಿಗೆ ನೀರೆರೆಯುತ್ತಿರಬೇಕಾಗುತ್ತದೆ. ಇವೆಲ್ಲಕ್ಕಿಂತ ಸುಲಭವಾದ ದಾರಿಯನ್ನು ಗಿಡವೇ ತೋರಿಸಿದೆ. ನಮ್ಮ ಬಾಳೆ ಕಂದು ಬಿಡುವಂತೆ ಲೈಲಾಕ್ ತನ್ನ ಸುತ್ತ ಬೇರಿನಿಂದ ಮರಿಗಳನ್ನು ಎಬ್ಬಿಸುತ್ತದೆ. ಗುದ್ದಲಿಯಿಂದ ಒಂದು ಮರಿಯನ್ನು ಬೇರುಸಹಿತ ಕಡಿದು ನೆರೆಮನೆಗೆ ಕೊಟ್ಟರೆ ಆಯಿತು. ತಾಯಿಯ ಗುಣವೆಲ್ಲ ಅದರಲ್ಲಿದೆ. ಅಂಗಡಿ ಬೇಡ, ವಿದ್ಯೆ ಬೇಡ. ರಾಯಭಾರಿ ತಂದ ಹೂ ರೈತನ ಅಂಗಳಕ್ಕೆ ಇಳಿದದ್ದು ಹೀಗೆ.

ಅಟ್ಲಾಂಟಿಕ್ ದಾಟಿದ್ದೂ ಹೀಗೆಯೇ. ನ್ಯೂ ಹ್ಯಾಂಪ್‌ಷೈರಿನ ಪೋರ್ಟ್ಸ್‌ಮತ್‌ನಲ್ಲಿ ಬೆನಿಂಗ್ ವೆಂಟ್‌ವರ್ತ್ ಎಂಬ ಗವರ್ನರ್ ಸುಮಾರು ೧೭೫೦ರಲ್ಲಿ ನೆಡಿಸಿದ ಲೈಲಾಕಿನ ಸಂತತಿ ಅವನ ಮನೆಯ ಬಳಿ ಈಗಲೂ ಇದೆ. ಆ ಸಂಸ್ಥಾನ ೧೯೧೯ರಲ್ಲಿ ಲೈಲಾಕನ್ನೇ ತನ್ನ ಹೂವೆಂದು ಸಾರಿತು. ಜೆಫರ್ಸನ್ ೧೭೬೭ರಲ್ಲಿ ತಾನು ನೆಟ್ಟದ್ದನ್ನು ತೋಟದ ದಿನಚರಿಯಲ್ಲಿ ಬರೆದಿಟ್ಟ. ವಾಷಿಂಗ್‌ಟನ್ ೧೭೮೫ರಲ್ಲಿ ತನ್ನ ತೋಟದೊಳಗೆ ಲೈಲಾಕುಗಳನ್ನು ಕಿತ್ತು ಬೇರೆಡೆ ನೆಡಿಸಿದ. ಇವರು ದೊಡ್ಡವರು, ಬರೆದಿಟ್ಟರು. ಬರೆದಿಡದೆ ನೆಟ್ಟವರು ಸಾವಿರಾರು ಮಂದಿ. ಅವರ ಲೆಕ್ಕ ತಿಳಿಯುವುದು ಬೇರೊಂದು ರೀತಿಯಲ್ಲಿ. ನ್ಯೂ ಇಂಗ್ಲೆಂಡಿನ ಬಡ ನೆಲವನ್ನು ಬಿಟ್ಟು ಜನ ಪಶ್ಚಿಮಕ್ಕೆ ಹೋದರು. ಮರದ ಮನೆಗಳು ಕುಸಿದುವು, ಹೊಲಗಳ ಮೇಲೆ ಕಾಡು ಬೆಳೆಯಿತು. ಆದರೆ ಬಾಗಿಲ ಪಕ್ಕದಲ್ಲಿ ನೆಟ್ಟ ಲೈಲಾಕ್ ಮಾತ್ರ ಮರಿ ಹಾಕುತ್ತ ಅಲ್ಲೇ ನಿಂತಿತು. ಕಾಡಿನ ನಡುವೆ ಲೈಲಾಕ್ ಕಂಡರೆ ಅಲ್ಲಿ ಅಡಿಪಾಯದ ಕಲ್ಲಿರುತ್ತದೆಂದು ಅಲ್ಲಿನವರು ತಿಳಿಯುತ್ತಾರೆ. ೧೮೫೪ರಲ್ಲಿ ಪ್ರಕಟವಾದ ‘ವಾಲ್ಡನ್’ ಪುಸ್ತಕದಲ್ಲಿ ಥೋರೊ ಇಂಥ ಪಾಳುಮನೆಗಳ ಲೈಲಾಕನ್ನು ಕುರಿತು ಬರೆದಿದ್ದಾನೆ. ನಮ್ಮ ಕಂದಾಯದ ದಫ್ತರಗಳಲ್ಲಿ ಜನ ಬಿಟ್ಟುಹೋದ ಊರಿಗೆ ‘ಬೇಚರಾಕ್’ ಎನ್ನುತ್ತಾರೆ, ದೀಪವಿಲ್ಲದ್ದು ಎಂದು ಅದರ ಅರ್ಥ. ಅದೂ ಪಾರಸಿ ಮಾತೇ. ದೀಪವಿಲ್ಲದ ಆ ಮನೆಗಳಲ್ಲಿ ವರ್ಷಕ್ಕೆ ಎರಡು ವಾರ ಹೂವಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂಟಿ ಸುತ್ತಿನ ನಾಲ್ಕೆಸಳಿನ ಸಾಮಾನ್ಯ ಲೈಲಾಕಿನ ಮಾತು. ನಮ್ಮಲ್ಲಿ ಏಳುಸುತ್ತಿನ ಮಲ್ಲಿಗೆ ಇರುವಂತೆ ಹಲವು ಸುತ್ತಿನ ಲೈಲಾಕ್ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಫ್ರಾನ್ಸಿನ ಲೊರೇನ್ ಪ್ರಾಂತದ ನಾನ್ಸಿ ಪಟ್ಟಣದಲ್ಲಿ. ಅಲ್ಲಿ ವಿಕ್ಟರ್ ಲೆಮ್ವಾನ್ ಎಂಬ ತೋಟಗಾರನಿದ್ದ. ೧೮೨೩ರಲ್ಲಿ ಹುಟ್ಟಿದವನು, ತೋಟಗಾರರ ಮನೆತನ. ಬಿಗೋನಿಯ, ಜೆರೇನಿಯಂ, ಫ್ಯೂಷಿಯಗಳಲ್ಲಿ ಆಗಲೇ ಹೆಸರು ಪಡೆದಿದ್ದ. ೧೮೭೦ರಲ್ಲಿ ಪ್ರಷ್ಯದ ಸೈನ್ಯ ನಾನ್ಸಿಯನ್ನು ಹಿಡಿಯಿತು. ಬೀದಿಯಲ್ಲಿ ಶತ್ರುಗಳ ಪಹರೆ, ವ್ಯಾಪಾರ ನಿಂತಿತು. ಅವನು ಹುಟ್ಟಿದ ದೆಲ್ಮ್ ಎಂಬ ಊರು ಮರುವರ್ಷದ ಒಪ್ಪಂದದಲ್ಲಿ ಜರ್ಮನಿಯ ಪಾಲಾಯಿತು. ಇಂಥ ದಿನಗಳಲ್ಲಿ ಅವನು ಮಾಡಲು ಹೊರಟ ಕೆಲಸ ಲೈಲಾಕಿನ ಕೂಡಿಕೆ.

ಅವನ ಬಳಿ ೧೮೪೩ರಲ್ಲಿ ಬೆಲ್ಜಿಯಮ್ಮಿನ ಲಿಯೇಜಿನಲ್ಲಿ ಹುಟ್ಟಿದ ಒಂದು ವಿಚಿತ್ರ ಗಿಡವಿತ್ತು. ಹೂ ಸಣ್ಣದು, ನೋಟಕ್ಕೆ ಸಾಧಾರಣ. ಆದರೆ ಎರಡು ಸುತ್ತಿನದು. ಎಸಳುಗಳು ಹೆಚ್ಚಾದ ಈ ಹೂವಿನಲ್ಲಿ ಕೇಸರಗಳೇ ಇರಲಿಲ್ಲ. ಎಂದರೆ ಇದು ತಂದೆಯಾಗಲಾರದು, ತಾಯಿಯಾಗಬಹುದು. ಆ ತಾಯಿಯ ಗರ್ಭವೂ ಎಸಳುಗಳ ಒಳಗೆ ಹುದುಗಿಕೊಂಡಿತ್ತು. ಬೇರೆ ಒಳ್ಳೆಯ ಲೈಲಾಕಿನ ಪರಾಗವನ್ನೂ, ರಾಬರ್ಟ್ ಫಾರ್ಚೂನ್ ೧೮೫೬ರಲ್ಲಿ ಚೀನಾದಿಂದ ತಂದಿದ್ದ ಬೇರೊಂದು ಜಾತಿಯ ಪರಾಗವನ್ನೂ ಸಣ್ಣ ಕುಂಚದಲ್ಲಿ ತೆಗೆದುಕೊಂಡು, ಏಣಿಯ ಮೇಲೆ ನಿಂತು, ಒಂದೊಂದೇ ಪುಟ್ಟ ಹೂವಿನ ಒಳಕ್ಕೆ ಮುಟ್ಟಿಸಬೇಕು. ಲೆಮ್ವಾನನಿಗೆ ಆಗ ನಾಲ್ವತ್ತೇಳು ವರ್ಷ. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಏಣಿಯನ್ನು ಹತ್ತಿದವಳು ಅವನ ಹೆಂಡತಿ ಮಾರಿ ಲೂಯಿಸ್. ನೂರಕ್ಕೂ ಹೆಚ್ಚು ಹೂಗಳಿಗೆ ಆಕೆ ಹೀಗೆ ಪರಾಗ ಮುಟ್ಟಿಸಿದಳು. ಆ ವರ್ಷ ದಕ್ಕಿದ ಬೀಜ ಏಳು.

ಏಳು ಬೀಜವೆಂದರೆ ಒಂದು ಚಿಟಿಕೆಗೂ ಸಾಲದು. ಅವನ್ನು ಬಿತ್ತಿ ಹೂ ನೋಡಲು ಇನ್ನೂ ಐದಾರು ವರ್ಷ ಕಾಯಬೇಕು. ನಾನ್ಸಿಯಲ್ಲಿ ಜರ್ಮನ್ ಪಹರೆಯಿದ್ದದ್ದು ೧೮೭೩ರವರೆಗೆ. ಸಸಿಗಳು ಹೂಬಿಡುವ ಹೊತ್ತಿಗೆ ಪಹರೆ ಹೋಗಿತ್ತು. ಅವುಗಳ ಮಕ್ಕಳು ಮೊಮ್ಮಕ್ಕಳಿಂದ ವರ್ಷವರ್ಷವೂ ಹೊಸ ಹೊಸ ತಳಿಗಳು ಹೊರಬಿದ್ದುವು. ಅಧ್ಯಕ್ಷ ಗ್ರೇವಿಯ ಹೆಸರಿನ ತಿಳಿನೀಲಿ, ಷಾರ್ಲ್ ಜೋಲಿಯ ಹೆಸರಿನ ಗಾಢ ಕೆನ್ನೇರಳೆ, ನಾನ್ಸಿಯ ಚೆಲುವೆ ಎಂಬ ನಸುಗೆಂಪು. ವಿಕ್ಟರನ ಬಳಿಕ ಮಗ ಎಮಿಲ್, ಮೊಮ್ಮಗ ಹಾನ್ರಿ ಕೆಲಸವನ್ನು ಮುಂದುವರಿಸಿದರು. ಮೂರು ತಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಲೈಲಾಕ್ ತಳಿಗಳನ್ನು ಕೊಟ್ಟ ಆ ನರ್ಸರಿ ೧೯೫೫ರಲ್ಲಿ ಮುಚ್ಚಿತು. ಬಾಲ್ಕನ್ನಿನ ಕಾಡುಗಿಡಕ್ಕೆ ಲೋಕದ ತೋಟಗಾರರೆಲ್ಲ ‘ಫ್ರೆಂಚ್ ಲೈಲಾಕ್’ ಎನ್ನುವುದು ಈ ಮನೆತನದಿಂದ. ೧೮೯೦ರಲ್ಲಿ ಬಂದ ಅಚ್ಚಬಿಳುಪಿನ, ಎರಡು ಸುತ್ತಿನ ತಳಿಗೆ ‘ಮದಾಮ್ ಲೆಮ್ವಾನ್’ ಎಂದು ಹೆಸರಿಟ್ಟರು. ಇಂದಿಗೂ ಅದು ಅಂಗಡಿಯಲ್ಲಿ ಸಿಗುತ್ತದೆ. ಏಣಿ ಹತ್ತಿದವಳಿಗೆ ಸಂದ ಗೌರವ ಅದು. ಮಾರಿ ಲೂಯಿಸ್ ಎಂದು ಆಕೆಯ ಸ್ವಂತ ಹೆಸರನ್ನೇ ಇಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೆಂದು ನನಗೆ ತೋರುತ್ತದೆ.

ಫ್ರೆಂಚರು ಲೈಲಾಕಿಗೆ ಕೊಟ್ಟ ಇನ್ನೊಂದು ವಸ್ತು ಅಕಾಲದ ವಸಂತ. ಪ್ಯಾರಿಸ್ಸಿನ ಶ್ರೀಮಂತರಿಗೆ ನಡುಚಳಿಗಾಲದಲ್ಲಿ ಬಿಳಿಯ ಲೈಲಾಕ್ ಬೇಕಾಯಿತು. ತೋಟಗಾರರು ನೇರಳೆ ಹೂವಿನ ಒಂದು ತಳಿಯನ್ನೇ ಬೇರುಸಹಿತ ಅಗೆದು ತಂದು, ಕಾಯಿಸಿದ ಕತ್ತಲೆಕೋಣೆಯಲ್ಲಿಟ್ಟು ಅರಳಿಸಿದರು. ಬೆಳಕಿಲ್ಲದ ಬಿಸಿಯಲ್ಲಿ ಹೂವಿಗೆ ಬಣ್ಣ ಕಟ್ಟುವುದಿಲ್ಲ, ಬಿಳಿಯಾಗಿಯೇ ಬರುತ್ತದೆ. ಆದರೆ ನಿದ್ದೆಯಲ್ಲಿರುವ ಗಿಡವನ್ನು ಎಬ್ಬಿಸುವುದು ಹೇಗೆ? ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್ ಎಂಬ ವಿಜ್ಞಾನಿ ಲೈಲಾಕ್ ಗಿಡಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಒಂದೆರಡು ದಿನ ಈಥರ್ ಹೊಗೆ ಕೊಟ್ಟ. ಮನುಷ್ಯನಿಗೆ ಮಂಪರು ತರಿಸುವ ಈಥರ್ ಲೈಲಾಕನ್ನು ಎಚ್ಚರಗೊಳಿಸಿತು! ಇವನೇ ಮುಂದೆ ೧೯೦೯ರಲ್ಲಿ ‘ಜೀನ್’ ಎಂಬ ಶಬ್ದವನ್ನು ಟಂಕಿಸಿದವನು. ಅದೇ ಕಾಲದಲ್ಲಿ ಹಾನ್ಸ್ ಮೋಲಿಷ್ ಎಂಬಾತ ಈಥರೂ ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಒಂಬತ್ತು ಹನ್ನೆರಡು ಗಂಟೆ ಅದ್ದಿಟ್ಟರೆ ಸಾಕೆಂದು ತೋರಿಸಿಕೊಟ್ಟ. ಗಿಡದ ಅರ್ಧವನ್ನು ಮಾತ್ರ ಅದ್ದಿದರೆ ಆ ಅರ್ಧ ಹೂಬಿಡುತ್ತದೆ, ಮಿಕ್ಕರ್ಧ ಮಲಗಿಯೇ ಇರುತ್ತದೆ. ಈ ಮೋಲಿಷ್ ೧೯೨೮ರಲ್ಲಿ ಕಲ್ಕತ್ತೆಗೆ ಬಂದು ಜಗದೀಶಚಂದ್ರ ಬೋಸರ ಸಂಸ್ಥೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ. ಗಿಡಗಳಿಗೂ ಮಂಪರು ಬರುತ್ತದೆ, ನೋವಾಗುತ್ತದೆ ಎಂದು ಸಾಧಿಸುತ್ತಿದ್ದವರ ಮನೆಗೆ ಗಿಡಗಳನ್ನು ಎಬ್ಬಿಸುವವನು ಅತಿಥಿಯಾಗಿ ಬಂದದ್ದು ಉಚಿತವೇ ಆಯಿತು.

ಉಪಯೋಗವೇನು ಎಂದು ಕೇಳುವವರಿಗೆ ಹೇಳುವುದು ಬಹಳವಿಲ್ಲ. ತೊಗಟೆಯ ಕಹಿಯನ್ನು ಜ್ವರಕ್ಕೆ ಬಳಸುತ್ತಿದ್ದ ಕಾಲವೊಂದಿತ್ತು. ಕಟ್ಟಿಗೆ ಗಟ್ಟಿ, ಕಡೆತದ ಸಣ್ಣ ಸಾಮಾನಿಗೆ ಆಗುತ್ತದೆ. ಹೂವನ್ನು ಸಕ್ಕರೆಯಲ್ಲಿ ಹಾಕಿ ಪಾನಕ ಮಾಡುವುದುಂಟು. ಪರಿಮಳವನ್ನು ಮಾತ್ರ ಲೈಲಾಕ್ ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಲ್ಲಿಗೆಯಿಂದ ಅತ್ತರು ತೆಗೆಯಬಹುದು. ಲೈಲಾಕನ್ನು ಬಟ್ಟಿಗೆ ಹಾಕಿದರೆ ಲಾಭಕ್ಕೆ ಸಾಲುವಷ್ಟು ತೈಲ ಬರುವುದಿಲ್ಲ, ಬಂದದ್ದರಲ್ಲಿ ಹೂವಿನ ಕಂಪೂ ಇರುವುದಿಲ್ಲ. ಸೀಸೆಗಳ ಮೇಲೆ ಲೈಲಾಕ್ ಎಂದು ಬರೆದಿರುವುದೆಲ್ಲ ಟರ್ಪಿನಿಯಾಲ್ ಮುಂತಾದ ರಸಾಯನಗಳನ್ನು ಬೆರೆಸಿ ಕಟ್ಟಿದ ಅನುಕರಣೆ. ರಷ್ಯದ ಹುಡುಗಿಯರು ಗೊಂಚಲಿನಲ್ಲಿ ಅಪ್ಪಿತಪ್ಪಿ ಬರುವ ಐದೆಸಳಿನ ಹೂವನ್ನು ಹುಡುಕಿ, ಮನಸ್ಸಿನಲ್ಲಿ ಏನನ್ನೋ ಬೇಡಿಕೊಂಡು ಅದನ್ನು ನುಂಗಿಬಿಡುತ್ತಾರಂತೆ. ಇದೂ ಉಪಯೋಗವೇ.

ರಷ್ಯದ ಮಾತು ಬಂದುದರಿಂದ ಲಿಯೊನಿದ್ ಕೊಲೆಸ್ನಿಕೊವ್‌ನನ್ನು ಬಿಡಲಾಗದು. ಮೋಟಾರು ಓಡಿಸುವುದು ಅವನ ಕಸುಬು; ತೋಟಗಾರಿಕೆಯನ್ನು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ಮಾಸ್ಕೋದ ಸೋಕಲ್ ಬಡಾವಣೆಯ ಮನೆಯ ಹಿತ್ತಲಲ್ಲಿ ಲೆಮ್ವಾನನ ತಳಿಗಳನ್ನು ಕೂಡಿಸುತ್ತ ‘ಮಾಸ್ಕೋದ ಚೆಲುವೆ’ ಎಂಬ, ಮೊಗ್ಗಿನಲ್ಲಿ ನಸುಗೆಂಪಾಗಿ ಅರಳಿದಾಗ ಮುತ್ತಿನ ಬಿಳುಪಾಗುವ ಹೂವನ್ನು ಪಡೆದ. ತನ್ನ ಹೆಂಡತಿಯ ಹೆಸರಿನಲ್ಲಿ ಒಂದು ತಳಿ, ಮಾರ್ಷಲ್ ಝೂಕೊವ್‌ನ ಹೆಸರಿನಲ್ಲಿ ಒಂದು. ಹೆಂಡತಿಗೆ ಹೂ ಸಂದದ್ದು ೧೯೪೧ರಲ್ಲಿ, ಮಾರ್ಷಲನಿಗೆ ೧೯೪೮ರಲ್ಲಿ. ಸರದಿ ಸರಿಯಾಗಿಯೇ ಇದೆ. ೧೯೫೨ರಲ್ಲಿ ಸ್ಟಾಲಿನ್ ಬಹುಮಾನ ಬಂತು. ಆದರೆ ನಗರ ಬೆಳೆದಂತೆ ಆ ಹಿತ್ತಲು ಉಳಿಯಲಿಲ್ಲ. ೧೯೬೮ರಲ್ಲಿ ಅವನು ಸತ್ತ. ಅವನ ತಳಿಗಳಲ್ಲಿ ಎಷ್ಟೋ ಕಣ್ಮರೆಯಾದುವು.

ಇದಕ್ಕೆ ಪ್ರತಿಯಾಗಿ ನನಗೆ ನೆನಪಾಗುವುದು ಹುಲ್ಡಾ ಕ್ಲಾಗರ್. ಜರ್ಮನಿಯಿಂದ ಬಂದು ಅಮೆರಿಕದ ಪಶ್ಚಿಮ ತುದಿಯಲ್ಲಿ, ವಾಷಿಂಗ್‌ಟನ್ ಸಂಸ್ಥಾನದ ವುಡ್‌ಲೆಂಡ್ ಎಂಬ ಊರಲ್ಲಿ ನೆಲೆಸಿದ ರೈತರ ಮನೆಯ ಹೆಣ್ಣುಮಗಳು. ಸಣ್ಣ ಸೇಬುಗಳ ಸಿಪ್ಪೆ ಹೆರೆದು ಬೇಸತ್ತು ದೊಡ್ಡ ಸೇಬು ಬೇಕೆಂದು ಕೂಡಿಕೆಯ ವಿದ್ಯೆಗೆ ಕೈಹಾಕಿದಳು. ಸೇಬು ಬಂದ ಮೇಲೆ ಧೈರ್ಯ ಹೆಚ್ಚಿ, ೧೯೦೫ರಲ್ಲಿ ಕೆಲವು ಲೆಮ್ವಾನ್ ಲೈಲಾಕುಗಳನ್ನು ತರಿಸಿದಳು. ಅಡಿಗೆ, ಮಕ್ಕಳು, ಹಾಲು ಕರೆಯುವುದು ಎಲ್ಲ ನಡೆಸುತ್ತಲೇ ಹೊಸ ಹೊಸ ತಳಿಗಳನ್ನು ಬೆಳೆಸಿ, ಪ್ರತಿ ವಸಂತದಲ್ಲಿಯೂ ತೋಟದ ಬಾಗಿಲನ್ನು ಊರವರಿಗೆ ತೆರೆದಿಡುತ್ತಿದ್ದಳು. ಬಂದವರು ಮರಿಗಳನ್ನು ಕೊಂಡೊಯ್ಯುತ್ತಿದ್ದರು. ೧೯೪೮ರಲ್ಲಿ ಕೊಲಂಬಿಯಾ ನದಿಗೆ ಮಹಾಪೂರ ಬಂತು. ನೀರು ವಾರಗಟ್ಟಲೆ ನಿಂತು, ಇಳಿದಾಗ ನೋಡಿದರೆ ಕೆಲವು ದೊಡ್ಡ ಮರಗಳ ಹೊರತು ಏನೂ ಉಳಿದಿರಲಿಲ್ಲ. ನಾಲ್ವತ್ತು ವರ್ಷದ ಲೈಲಾಕೆಲ್ಲ ಸತ್ತಿತ್ತು. ಆಕೆಗೆ ಆಗಲೇ ಎಂಬತ್ತು ದಾಟಿತ್ತು.

ಆಗ ಗಿಡ ಕೊಂಡುಹೋಗಿದ್ದವರು ಒಬ್ಬೊಬ್ಬರಾಗಿ ಬರತೊಡಗಿದರು. ಅವರವರ ಅಂಗಳದಲ್ಲಿ ಬೆಳೆದಿದ್ದ ಅದೇ ಗಿಡಗಳ ಮರಿಗಳನ್ನು ತಂದುಕೊಟ್ಟರು. ಬೀಜದಿಂದ ಬಂದ ಗಿಡವಾಗಿದ್ದರೆ ಇದು ಸಾಧ್ಯವಿರಲಿಲ್ಲ. ಮರಿಯಲ್ಲಿ ತಾಯಿ ಇದ್ದಂತೆಯೇ ಇರುವುದರಿಂದ ಸತ್ತ ತೋಟವೇ ತುಂಡುತುಂಡಾಗಿ ಮನೆಗೆ ಮರಳಿದಂತಾಯಿತು. ಎರಡು ವರ್ಷಗಳಲ್ಲಿ ಮುದುಕಿ ಮತ್ತೆ ಬಾಗಿಲು ತೆರೆದಳು. ೧೯೬೦ರಲ್ಲಿ ತೀರಿಕೊಳ್ಳುವವರೆಗೆ ಆ ಕೆಲಸದಲ್ಲಿಯೇ ಇದ್ದಳು. ಆಕೆಯ ಮನೆ, ತೋಟ ಎರಡನ್ನೂ ಊರವರು ಉಳಿಸಿಕೊಂಡಿದ್ದಾರೆ.

ಹೀಗೆ ಊರೂರಲ್ಲಿ ಒಂದೇ ಗಿಡ ಹಬ್ಬಿರುವುದರ ಪ್ರಯೋಜನವನ್ನು ಹವೆಯ ಶಾಸ್ತ್ರಜ್ಞರೂ ಪಡೆದರು. ಜೋಸೆಫ್ ಕ್ಯಾಪ್ರಿಯೊ ಎಂಬುವನು ೧೯೫೦ರ ದಶಕದ ಮಧ್ಯದಲ್ಲಿ ಮೊಂಟಾನಾದಿಂದ ಪಶ್ಚಿಮದ ಸಂಸ್ಥಾನಗಳ ನೂರಾರು ಜನಕ್ಕೆ ಕಾಗದ ಬರೆದು, ನಿಮ್ಮ ಅಂಗಳದ ಲೈಲಾಕ್ ಯಾವ ದಿನ ಎಲೆಯೊಡೆಯಿತು, ಯಾವ ದಿನ ಅರಳಿತು ತಿಳಿಸಿರಿ ಎಂದು ಕೇಳಿಕೊಂಡ. ಪೂರ್ವದ ಸಂಸ್ಥಾನಗಳಲ್ಲಿ ಇನ್ನೂ ಕಟ್ಟುನಿಟ್ಟಾಗಿ, ಒಂದೇ ತಾಯಿಯಿಂದ ಬೆಳೆಸಿದ ಗಿಡಗಳನ್ನು ಹಂಚಿದರು. ಗಿಡಗಳಲ್ಲಿ ವ್ಯತ್ಯಾಸವಿಲ್ಲದ ಮೇಲೆ ದಿನಗಳಲ್ಲಿ ಕಾಣುವ ವ್ಯತ್ಯಾಸವೆಲ್ಲ ಹವೆಯದೇ. ಗೃಹಿಣಿಯರೂ ರೈತರೂ ಕಾರ್ಡಿನ ಮೇಲೆ ಬರೆದು ಕಳಿಸಿದ ಈ ತಾರೀಖುಗಳನ್ನು ಜೋಡಿಸಿ, ಬೇರೆ ದೇಶಗಳ ಲೆಕ್ಕದೊಡನೆ ಹೋಲಿಸಿದಾಗ, ೧೯೫೫ರಿಂದ ಈಚೆಗೆ ಉತ್ತರಾರ್ಧಗೋಳದ ವಸಂತ ಹತ್ತು ವರ್ಷಕ್ಕೆ ಒಂದು ದಿನಕ್ಕಿಂತ ತುಸು ಹೆಚ್ಚಾಗಿ ಮುಂಚಿತವಾಗುತ್ತ ಬಂದಿರುವುದು ಕಂಡುಬಂತು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಾಕ್ಷಿ ಹೇಳಿದವರಲ್ಲಿ ಲೈಲಾಕೂ ಒಬ್ಬಳು. ಚಳಿಯಿಲ್ಲದೆ ಏಳಲಾರದ ಗಿಡದ ಸಾಕ್ಷಿ ಇದಾದ್ದರಿಂದ ಅದರಲ್ಲಿ ಸ್ವಂತದ ಆತಂಕವೂ ಸೇರಿದೆ ಎನ್ನಬಹುದು.

ಚಳಿ ಕಡಮೆಯಾದರೂ ಅರಳುವ ಲೈಲಾಕನ್ನು ಹುಡುಕಿದವರೂ ಇದ್ದಾರೆ. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಹಿಮವೆಂಬುದಿಲ್ಲ. ಅಲ್ಲಿನ ಡೆಸ್ಕಾನ್ಸೊ ತೋಟದಲ್ಲಿ ವಾಲ್ಟರ್ ಲ್ಯಾಮರ್ಟ್ಸ್ ಎಂಬುವನು ೧೯೫೦ರ ಸುಮಾರಿನಲ್ಲಿ ‘ಲ್ಯಾವೆಂಡರ್ ಲೇಡಿ’ ಎಂಬ ತಳಿಯನ್ನು ಪಡೆದ. ನಸುಚಳಿಯಲ್ಲಿಯೇ ಅದು ಹೂಬಿಡುತ್ತದೆ. ಅಷ್ಟಾದರೂ ಅಲ್ಲಿನ ತೋಟಗಾರರು ಶರತ್ಕಾಲ ಬಂತೆಂದರೆ ಬೇರಿಗೆ ನೀರು ಬಿಡುವುದನ್ನು ನಿಲ್ಲಿಸಿ, ಗಿಡವನ್ನು ಒಣಗಿಸಿ, ಬಲವಂತವಾಗಿ ಮಲಗಿಸುತ್ತಾರೆ. ನಮ್ಮ ಮಲ್ಲಿಗೆಯ ತೋಟದವರು ಸವರುವುದಕ್ಕೆ ಮುಂಚೆ ನೀರು ಕಟ್ಟುವುದನ್ನು ನಿಲ್ಲಿಸುವುದೂ ಇಂಥದೇ ಲೆಕ್ಕದಿಂದ.